ಸಾವಿರಾರು ಸೈಟೇಶನ್ ಬಿದ್ದ ಪ್ರಬಂಧ ತಪ್ಪಾಗಿರಲು ಸಾಧ್ಯವೇ?

ನರವಿಜ್ಞಾನದಿಂದ ಎರಡು ಬಗೆಯ ಸುದ್ದಿಗಳು ಕೆಲವು ವರ್ಷಗಳಿಂದ ಜೊತೆಜೊತೆಯಾಗಿಯೇ ಬರುತ್ತಿವೆ. ಮೊದಲನೆಯದು ಅಭಿನಂದನೆಯ ಸುದ್ದಿ: ಇಂಥ ಸಂಶೋಧಕರು ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿದ್ದಾರೆ, ಅವರ ಪ್ರಬಂಧಗಳಿಗೆ ಇಷ್ಟು ಸಾವಿರ ಸೈಟೇಶನ್ (ಬೇರೆಯವರ ಪ್ರಬಂಧಗಳಲ್ಲಿ ಉಲ್ಲೇಖ) ಬಂದಿದೆ, ಸೈಟೇಶನ್‌ನಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ನೂರು ದಾಟಿದೆ. ಎರಡನೆಯದು ಆಘಾತದ ಸುದ್ದಿ. 2023ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ನರವಿಜ್ಞಾನಿ ಮಾರ್ಕ್ ಟೆಸಿಯೆ-ಲವಿನ್ ರಾಜೀನಾಮೆ ಘೋಷಿಸಿದರು. ಅವರು ಸ್ವತಃ ಅಕ್ರಮ ಎಸಗಿಲ್ಲ, ಆದರೆ ಅವರ ಪ್ರಯೋಗಾಲಯಗಳಿಂದ ಹೊರಬಂದ ಹಲವು ಪ್ರಬಂಧಗಳಲ್ಲಿ ದತ್ತಾಂಶ ತಿರುಚಿದಂತೆ ಕಾಣುತ್ತದೆ ಎಂದು ತನಿಖಾ ಸಮಿತಿ ಹೇಳಿತ್ತು. 2024ರ ಜೂನ್‌ನಲ್ಲಿ ಆಲ್ಝೈಮರ್ ಕಾಯಿಲೆ ಕುರಿತ ಬಹು ಪ್ರಸಿದ್ಧ ಪ್ರಬಂಧವೊಂದನ್ನು 'ನೇಚರ್' ನಿಯತಕಾಲಿಕದಿಂದ ಹಿಂಪಡೆಯಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ನರವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ, ಸುಮಾರು 800 ಪ್ರಬಂಧಗಳ ಲೇಖಕ ಎಲಿಯೇಜರ್ ಮಸ್ಲಾಯಾ ಅವರ ಎರಡು ಪ್ರಬಂಧಗಳಲ್ಲಿ ಚಿತ್ರಗಳನ್ನು ಮರುಬಳಸಿ ಬೇರೆ ಹೆಸರು ಕೊಟ್ಟಿರುವುದು ಸಂಶೋಧನಾ ಅಕ್ರಮ ಎಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಪ್ರಕಟಿಸಿದವು.

ಓದುವವರು ಗೊಂದಲಕ್ಕೆ ಬೀಳುವುದು ಸಹಜ. ಸಾವಿರಾರು ವಿಜ್ಞಾನಿಗಳು ಉಲ್ಲೇಖಿಸಿದ ಕೆಲಸ ತಪ್ಪಾಗಿರುವುದು ಹೇಗೆ? ಸೈಟೇಶನ್ ಎಂದರೆ ಒಪ್ಪಿಗೆಯ ಮುದ್ರೆ ಅಲ್ಲವೇ?

ಅಲ್ಲ. ಒಂದು ಕೆಲಸವನ್ನು ಎಷ್ಟು ಮಂದಿ ತಮ್ಮ ಬರಹದಲ್ಲಿ ಬಳಸಿಕೊಂಡರು ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಎಷ್ಟು ಮಂದಿ ಅದನ್ನು ಮತ್ತೆ ಮಾಡಿ ನೋಡಿದರು ಎಂಬುದನ್ನು ಅದು ಹೇಳುವುದಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ನೇಮಕಾತಿ, ಬಡ್ತಿ, ಅನುದಾನಗಳನ್ನು ನಿರ್ಧರಿಸುತ್ತ ಬಂದದ್ದೇ ಇವತ್ತಿನ ಬಿಕ್ಕಟ್ಟಿನ ಬೇರು.

ಎಣಿಕೆ ಹುಟ್ಟಿದ್ದು ಬೇರೆ ಉದ್ದೇಶಕ್ಕೆ

1955ರಲ್ಲಿ ಯೂಜೀನ್ ಗಾರ್‌ಫೀಲ್ಡ್ ಎಂಬ ಮಾಹಿತಿ ತಜ್ಞ 'ಸೈನ್ಸ್' ನಿಯತಕಾಲಿಕದಲ್ಲಿ ಒಂದು ಯೋಜನೆ ಮುಂದಿಟ್ಟರು. ಪ್ರತಿ ಪ್ರಬಂಧದ ಕೊನೆಯಲ್ಲಿರುವ ಉಲ್ಲೇಖಗಳನ್ನು ಒಟ್ಟುಗೂಡಿಸಿ ತಿರುವುಮುರುವಾಗಿ ಜೋಡಿಸಿದರೆ, ಹಳೆಯ ಪ್ರಬಂಧವೊಂದನ್ನು ಮುಂದೆ ಯಾರು ಯಾರು ಬಳಸಿದರು ಎಂದು ತಿಳಿಯಬಹುದು ಎಂಬುದು ಅದರ ತಿರುಳು. ಅವರು ಕೊಟ್ಟ ಕಾರಣವನ್ನು ಈಗ ನೆನೆಯಬೇಕು. ಮೋಸದ, ಅಪೂರ್ಣವಾದ ಅಥವಾ ಹಳತಾದ ದತ್ತಾಂಶವನ್ನು ವಿಮರ್ಶೆಯಿಲ್ಲದೆ ಉಲ್ಲೇಖಿಸುವುದು ನಿಲ್ಲಬೇಕು, ಹಿಂದಿನ ಪ್ರಬಂಧದ ಬಗ್ಗೆ ಬಂದ ಟೀಕೆಗಳು ಸಂಶೋಧಕನ ಕಣ್ಣಿಗೆ ಬೀಳಬೇಕು ಎಂಬುದು ಅವರ ಆಶಯವಾಗಿತ್ತು. 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರಬಂತು. ತಪ್ಪು ಹಿಡಿಯುವುದಕ್ಕೂ ನೆರವಾಗಲೆಂದು ಕಟ್ಟಿದ ಸಾಧನ ಅದು.

ಆದರೆ ಎಣಿಸಲು ಬರುವ ವಸ್ತು ಕೈಗೆ ಸಿಕ್ಕಿದ ಮೇಲೆ ಅದರಿಂದ ಸ್ಥಾನ ಹಂಚುವ ಆಸೆ ತಡೆಯುವುದು ಕಷ್ಟ. ನಿಯತಕಾಲಿಕಗಳನ್ನು ಹೋಲಿಸಲು 'ಇಂಪ್ಯಾಕ್ಟ್ ಫ್ಯಾಕ್ಟರ್' ಬಂತು. ಲೆಕ್ಕ ಸರಳ: 2025ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕೆಂದರೆ, ಆ ಪತ್ರಿಕೆಯಲ್ಲಿ 2023 ಮತ್ತು 2024ರಲ್ಲಿ ಬಂದದ್ದಕ್ಕೆ 2025ರಲ್ಲಿ ಸಿಕ್ಕ ಸೈಟೇಶನ್‌ಗಳನ್ನು ಆ ಎರಡು ವರ್ಷಗಳ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಬೇಕು. ಇದು ಸರಾಸರಿ, ಅದರಲ್ಲೂ ಬಹಳ ದಾರಿ ತಪ್ಪಿಸುವ ಸರಾಸರಿ. 2004ರ ತನ್ನ ಅಂಕಿಯಲ್ಲಿ ಶೇ 89ರಷ್ಟು ಭಾಗ ಕೇವಲ ಶೇ 25 ಪ್ರಬಂಧಗಳಿಂದ ಬಂದದ್ದು ಎಂದು 'ನೇಚರ್' ತಾನೇ ಸಂಪಾದಕೀಯದಲ್ಲಿ ಬರೆದುಕೊಂಡಿತ್ತು. ಅಂದರೆ ದೊಡ್ಡ ಪತ್ರಿಕೆಯಲ್ಲಿ ಪ್ರಬಂಧ ಬಂತು ಎಂದ ಮಾತ್ರಕ್ಕೆ ಆ ಪ್ರಬಂಧಕ್ಕೆ ಓದುಗರು ಸಿಕ್ಕರು ಎಂದು ಕೂಡ ಹೇಳಲಾಗದು. ನರವಿಜ್ಞಾನಕ್ಕೆ ಎರಡು ವರ್ಷದ ಕಿಟಕಿ ತೀರ ಕಿರಿದು. ಪ್ರಾಣಿಗಳಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಮಿದುಳಿನ ಕೋಶಗಳ ಸಂಕೇತಗಳನ್ನು ದಾಖಲಿಸಿ, ವಿಶ್ಲೇಷಿಸಿ ಬರೆಯುವ ಹೊತ್ತಿಗೇ ಆ ಎರಡು ವರ್ಷ ಮುಗಿದಿರುತ್ತದೆ.

ಎಚ್-ಇಂಡೆಕ್ಸ್ ಹೇಗೆ ಕೆಲಸ ಮಾಡುತ್ತದೆ

ವ್ಯಕ್ತಿಗೆ ಅಂಕ ಕೊಡುವ ಕೆಲಸ ಗಂಭೀರವಾಗಿ ಶುರುವಾದದ್ದು 2005ರಲ್ಲಿ, ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಸೂಚಿಸಿದ ಮೇಲೆ. ಒಬ್ಬರ ಪ್ರಬಂಧಗಳನ್ನು ಸೈಟೇಶನ್ ಹೆಚ್ಚಿರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಲಾಗಿಡಿ. ಕನಿಷ್ಠ 20 ಸೈಟೇಶನ್ ಇರುವ ಪ್ರಬಂಧಗಳು 20 ಇದ್ದು, ಕನಿಷ್ಠ 21 ಇರುವವು 21 ಇಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ 20.

ಕಾಲ್ಪನಿಕವಾದ ಇಬ್ಬರನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಮೊದಲ ಸಂಶೋಧಕಿ ಏಳು ಪ್ರಬಂಧ ಬರೆದಿದ್ದಾರೆ. ಅವುಗಳ ಸೈಟೇಶನ್ ಕ್ರಮವಾಗಿ 2,400, 310, 45, 6, 5, 3, 1. ಒಟ್ಟು 2,770. ಐದನೆಯ ಪ್ರಬಂಧಕ್ಕೆ 5, ಆರನೆಯದಕ್ಕೆ 3 ಇರುವುದರಿಂದ ಎಚ್-ಇಂಡೆಕ್ಸ್ ಕೇವಲ 5. ಎರಡನೆಯ ಸಂಶೋಧಕರು 20 ಪ್ರಬಂಧ ಬರೆದಿದ್ದಾರೆ, ಪ್ರತಿಯೊಂದಕ್ಕೂ 22 ಸೈಟೇಶನ್. ಒಟ್ಟು 440, ಎಚ್-ಇಂಡೆಕ್ಸ್ 20. ಆರು ಪಟ್ಟಿಗೂ ಹೆಚ್ಚು ಸೈಟೇಶನ್ ಇರುವವರ ಸೂಚ್ಯಂಕ ಇನ್ನೊಬ್ಬರ ಕಾಲು ಭಾಗ. ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಒಂದೆರಡು ಪ್ರಬಂಧಗಳಿಗಿಂತ, ನಿಯಮಿತವಾಗಿ ಮಧ್ಯಮ ಮಟ್ಟದ ಪ್ರಬಂಧಗಳನ್ನು ಹೊರತರುವುದಕ್ಕೆ ಈ ಅಳತೆ ಹೆಚ್ಚು ಬೆಲೆ ಕೊಡುತ್ತದೆ. ಇನ್ನೊಂದು ಗುಣ, ಅದು ಎಂದಿಗೂ ಇಳಿಯುವುದಿಲ್ಲ. ಸಂಶೋಧನೆ ಬಿಟ್ಟು ಹತ್ತು ವರ್ಷವಾದವರ ಅಂಕಿಯೂ ಏರುತ್ತಲೇ ಇರಬಹುದು. ವಯಸ್ಸಿಗೆ ಅನುಕೂಲ, ಹೊಸಬರಿಗೆ ತೊಡಕು.

ಇದರ ಮೇಲೆ, ಒಬ್ಬರೇ ವ್ಯಕ್ತಿಗೆ ಒಂದೇ ದಿನ ಮೂರು ಎಚ್-ಇಂಡೆಕ್ಸ್ ಇರಬಹುದು. ಗೂಗಲ್ ಸ್ಕಾಲರ್ ಪ್ರೌಢಪ್ರಬಂಧ, ಪ್ರಿಪ್ರಿಂಟ್ (ಪರಿಶೀಲನೆಗೆ ಮುನ್ನವೇ ಹಂಚಿದ ಪ್ರತಿ), ಸಮ್ಮೇಳನದ ಬರಹ ಎಲ್ಲವನ್ನೂ ಹುಡುಕಿ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಸೈಟೇಶನ್ ದತ್ತಾಂಶ ಕೋಶಗಳು ತಾವು ಆಯ್ದುಕೊಂಡ ಪತ್ರಿಕೆಗಳನ್ನು ಮುಖ್ಯವಾಗಿ ಎಣಿಸುತ್ತವೆ. ಹಾಗಾಗಿ ಸಾಮಾನ್ಯವಾಗಿ ಸ್ಕಾಲರ್‌ನಲ್ಲಿ ಅಂಕಿ ದೊಡ್ಡದು. ಯಾವ ಮೂಲದ್ದು ಎಂದು ಹೇಳದೆ ಎಚ್-ಇಂಡೆಕ್ಸ್ ಪ್ರಕಟಿಸುವ ಸುದ್ದಿಗೆ ಹೆಚ್ಚು ಅರ್ಥವಿಲ್ಲ.

ಯಾತಕ್ಕಾಗಿ ಉಲ್ಲೇಖಿಸಿದರು?

ನರವಿಜ್ಞಾನಿಯೊಬ್ಬರ ಪಟ್ಟಿಯನ್ನು ಓದುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. 1971ರಲ್ಲಿ ಬಂದ ಒಂದು ಪ್ರಬಂಧ ಈ ಕ್ಷೇತ್ರದ ಅತಿ ಹೆಚ್ಚು ಉಲ್ಲೇಖಿತ ಬರಹಗಳಲ್ಲಿ ಒಂದು. ಅದು ಮಿದುಳಿನ ಯಾವ ರಹಸ್ಯವನ್ನೂ ಬಯಲು ಮಾಡಿದ್ದಲ್ಲ. ಒಬ್ಬರು ಬಲಗೈಯವರೋ ಎಡಗೈಯವರೋ ಎಂದು ತಿಳಿಯಲು ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ: ಬರೆಯುವುದು ಯಾವ ಕೈಯಲ್ಲಿ, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ ಹಿಡಿಯುವುದು, ಹಲ್ಲುಜ್ಜುವುದು, ಕಡ್ಡಿ ಗೀರುವುದು ಯಾವ ಕೈಯಲ್ಲಿ ಎಂದು ಕೇಳುತ್ತದೆ. ಬಲಗೈಯವರ ಮತ್ತು ಎಡಗೈಯವರ ಮಿದುಳಿನಲ್ಲಿ ಭಾಷೆ ಮೊದಲಾದವುಗಳ ಹಂಚಿಕೆಯಲ್ಲಿ ವ್ಯತ್ಯಾಸ ಇರುವುದರಿಂದ, ಮಿದುಳಿನ ಸ್ಕ್ಯಾನ್ ಮಾಡುವವರು ಭಾಗಿಗಳಿಗೆ ಇದನ್ನು ಕೊಟ್ಟು ಮೂಲವನ್ನು ಉಲ್ಲೇಖಿಸುತ್ತಾರೆ. ಅದರಿಂದಲೇ ಸಾವಿರಾರು ಸೈಟೇಶನ್. ಪ್ರಬಂಧ ಉಪಯುಕ್ತ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಸಂಖ್ಯೆಯನ್ನು ಹೊಸ ಆವಿಷ್ಕಾರವೊಂದರ ಸಂಖ್ಯೆಯ ಪಕ್ಕ ಇಟ್ಟು ದೊಡ್ಡದು ಚಿಕ್ಕದು ಎನ್ನುವಂತಿಲ್ಲ.

ಕಾರ್ಲ್ ಫ್ರಿಸ್ಟನ್ ಜಗತ್ತಿನ ಅತಿ ಹೆಚ್ಚು ಉಲ್ಲೇಖಿತ ನರವಿಜ್ಞಾನಿಗಳಲ್ಲಿ ಒಬ್ಬರು. ಮಿದುಳಿನ ಚಿತ್ರಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಗೆ 1990ರ ದಶಕದ ಆರಂಭದಲ್ಲಿ ಅವರು ರೂಪಿಸಿ, ಎಲ್ಲರಿಗೂ ಉಚಿತವಾಗಿ ಕೊಟ್ಟ ಎಸ್‌ಪಿಎಂ ವಿಧಾನ ಮತ್ತು ತಂತ್ರಾಂಶವನ್ನು ಲೋಕದ ಪ್ರಯೋಗಾಲಯಗಳು ಬಳಸುತ್ತಿರುವುದು ಅದಕ್ಕೆ ದೊಡ್ಡ ಕಾರಣ. ಸಾಧನ ಕೊಟ್ಟವರಿಗೆ ಸಲ್ಲಬೇಕಾದ ಗೌರವ ಅದು, ನ್ಯಾಯವಾದದ್ದೇ. ಆದರೆ ಇಲ್ಲಿಯೂ ಬಳಕೆ ಬೇರೆ, ಪರೀಕ್ಷೆ ಬೇರೆ. ಎಸ್‌ಪಿಎಂ ಸೇರಿದಂತೆ ಜನಪ್ರಿಯ ತಂತ್ರಾಂಶಗಳಲ್ಲಿ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯ ಸ್ಕ್ಯಾನ್) ವಿಶ್ಲೇಷಣೆಯ ಒಂದು ಬಗೆ, ಕೆಲವು ಸನ್ನಿವೇಶಗಳಲ್ಲಿ, ಶೇ 5ರೊಳಗೆ ಇರಬೇಕಾದ ಸುಳ್ಳು ಫಲಿತಾಂಶವನ್ನು ಶೇ 70ರವರೆಗೆ ಕೊಡಬಹುದು ಎಂದು 2016ರ ಅಧ್ಯಯನವೊಂದು ತೋರಿಸಿತು. ಅಷ್ಟು ಹೊತ್ತಿಗೆ ಇಂಥ ತಂತ್ರಾಂಶಗಳು ಬಳಕೆಗೆ ಬಂದು ಎರಡು ದಶಕ ಕಳೆದಿತ್ತು.

ಇನ್ನೊಂದು ಪದರ ಲೇಖಕರ ಸಾಲು. ನರವಿಜ್ಞಾನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದು. ದೊಡ್ಡ ಲ್ಯಾಬ್ ನಡೆಸುವವರ ಖಾತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಪ್ರಬಂಧವೂ ಸೇರುತ್ತದೆ. ನೂರಾರು ಲೇಖಕರಿರುವ ಒಕ್ಕೂಟದ ಪ್ರಬಂಧದಲ್ಲಿ ಎಲ್ಲರಿಗೂ ಪೂರ್ತಿ ಸೈಟೇಶನ್. ಶೇ 2 ಪಟ್ಟಿಯನ್ನು ಸಿದ್ಧಪಡಿಸುವ ಜಾನ್ ಅಯೊನಿಡಿಸ್ ತಂಡ ಇದನ್ನು ಸರಿಪಡಿಸಲೆಂದೇ ಸಹಲೇಖಕರ ಸಂಖ್ಯೆಗೆ ಹೊಂದಿಸಿದ ಸೂಚ್ಯಂಕವನ್ನೂ, ಏಕೈಕ, ಮೊದಲ ಅಥವಾ ಕೊನೆಯ ಲೇಖಕರಾಗಿದ್ದ ಪ್ರಬಂಧಗಳ ಸೈಟೇಶನ್‌ಗಳನ್ನೂ ಸೇರಿಸಿ ಆರು ಅಂಶಗಳ ಅಂಕ ಮಾಡಿದೆ. ಒಂದೇ ಅಂಕಿಗಿಂತ ಇದು ಖಂಡಿತ ಮೇಲು. ಆದರೂ ಆರೂ ಅಂಶಗಳು ಸೈಟೇಶನ್‌ನಿಂದಲೇ ಬಂದವು.

ಒಂದು ಪ್ರಬಂಧ, ಸುಮಾರು 2,500 ಸೈಟೇಶನ್, 18 ವರ್ಷ

2024ರಲ್ಲಿ ಹಿಂಪಡೆದ 'ನೇಚರ್' ಪ್ರಬಂಧದ ಕಥೆಯನ್ನು ಹತ್ತಿರದಿಂದ ನೋಡಿದರೆ ಇಡೀ ಸಮಸ್ಯೆ ಅರ್ಥವಾಗುತ್ತದೆ. 2006ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ತಂಡವೊಂದು ಅದನ್ನು ಪ್ರಕಟಿಸಿತ್ತು. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಅಮಿಲಾಯ್ಡ್-ಬೀಟಾ ಎಂಬ ಪ್ರೋಟೀನ್ ಗಂಟುಕಟ್ಟುತ್ತದೆ. ಅದರ ಒಂದು ನಿರ್ದಿಷ್ಟ ಗುಂಪು ಇಲಿಗಳ ಮಿದುಳಿನಲ್ಲಿದೆ, ಅದನ್ನು ಬೇರ್ಪಡಿಸಿ ಆರೋಗ್ಯವಂತ ಎಳೆಯ ಇಲಿಗಳಿಗೆ ಕೊಟ್ಟರೆ ನೆನಪು ಕುಂದುತ್ತದೆ ಎಂಬುದು ತಂಡದ ವಾದ. ನೆನಪು ಅಳಿಸುವ ನಿಜವಾದ ಅಪರಾಧಿ ಸಿಕ್ಕಿತು ಎಂಬ ಉತ್ಸಾಹ ಹರಡಿತು.

ಸಾಕ್ಷ್ಯದ ಬಹುಭಾಗ 'ವೆಸ್ಟರ್ನ್ ಬ್ಲಾಟ್' ಚಿತ್ರಗಳು. ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಬೇಕಾದದ್ದಕ್ಕೆ ಅಂಟುವ ಪ್ರತಿಕಾಯದಿಂದ ಗುರುತಿಸಿದಾಗ ಕಪ್ಪು ಪಟ್ಟಿಗಳು ಮೂಡುತ್ತವೆ. ಪಟ್ಟಿ ಎಲ್ಲಿ ಮೂಡಿದೆ ಎಂಬುದು ಪ್ರೋಟೀನ್‌ನ ಗಾತ್ರವನ್ನು, ಎಷ್ಟು ದಟ್ಟವಾಗಿದೆ ಎಂಬುದು ಪ್ರಮಾಣವನ್ನು ಸೂಚಿಸುತ್ತದೆ. ಆದ್ದರಿಂದ ಒಂದು ಪಟ್ಟಿಯನ್ನು ನಕಲಿಸಿ ಇನ್ನೊಂದು ಕಡೆ ಇಟ್ಟರೆ ಫಲಿತಾಂಶವೇ ಬೇರೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನರವಿಜ್ಞಾನಿ ಮ್ಯಾಥ್ಯೂ ಶ್ರಾಗ್ ಇಂಥ ಗುರುತುಗಳನ್ನು ಕಂಡರು. 'ಸೈನ್ಸ್' 2022ರ ಜುಲೈನಲ್ಲಿ ಅದನ್ನು ತನಿಖಾ ವರದಿಯಾಗಿ ಪ್ರಕಟಿಸಿತು. ಮತ್ತೆರಡು ವರ್ಷ ಕಳೆದ ಮೇಲೆ ಪ್ರಬಂಧ ಹಿಂದಕ್ಕೆ ಹೋಯಿತು. ಆ ಹೊತ್ತಿಗೆ ಅದಕ್ಕೆ ಸುಮಾರು 2,500 ಸೈಟೇಶನ್ ಬಂದಿತ್ತು.

ಅಷ್ಟು ಮಂದಿ ಏಕೆ ಹಿಡಿಯಲಿಲ್ಲ? ಮೊದಲನೆಯದಾಗಿ, ಹೆಚ್ಚಿನ ಉಲ್ಲೇಖಗಳು ಪೀಠಿಕೆಯ ಸಾಲಿನಲ್ಲಿ ಬರುತ್ತವೆ. 'ಇಂಥ ಗುಂಪುಗಳು ನೆನಪಿಗೆ ಹಾನಿ ಮಾಡುತ್ತವೆ' ಎಂದು ಬರೆದು ಒಂದು ಅಂಕೆ ಹಾಕಲು ಸಾರಾಂಶ ಓದಿದ್ದರೂ ಸಾಕು. ಎರಡನೆಯದಾಗಿ, ಪ್ರಯೋಗವನ್ನು ಮತ್ತೆ ಮಾಡಲು ವಿಶೇಷ ತಳಿಯ ಇಲಿ ಬೇಕು, ಅವಕ್ಕೆ ವಯಸ್ಸಾಗುವವರೆಗೆ ಕಾಯಬೇಕು, ಅಸ್ಥಿರ ಪ್ರೋಟೀನನ್ನು ಶುದ್ಧವಾಗಿ ತೆಗೆಯಬೇಕು. ಅಷ್ಟೆಲ್ಲ ಮಾಡಿ 'ನಮಗೆ ಅದು ಸಿಗಲಿಲ್ಲ' ಎಂದು ಬರೆದರೆ ಅಚ್ಚು ಹಾಕುವ ಪತ್ರಿಕೆ ಸಿಗುವುದು ಕಷ್ಟ, ಸಿಕ್ಕರೂ ಸೈಟೇಶನ್ ಬರುವುದು ಅಪರೂಪ. ಪರಿಶೀಲಿಸಿದವರಿಗೆ ಪ್ರತಿಫಲವಿಲ್ಲ, ಉಲ್ಲೇಖಿಸಿದವರಿಗೆ ಖರ್ಚಿಲ್ಲ. ಸಂಖ್ಯೆ ಬೆಳೆಯುತ್ತಲೇ ಹೋದದ್ದಕ್ಕೆ ಈ ಎರಡು ಕಾರಣ ಸಾಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತೆಗೆದುಹಾಕಬೇಕು. ಈ ಒಂದು ಪ್ರಬಂಧ ಬಿದ್ದುದರಿಂದ ಆಲ್ಝೈಮರ್ ಸಂಶೋಧನೆಯೆಲ್ಲ ಸುಳ್ಳಾಯಿತು ಎಂಬ ಮಾತು ಸರಿಯಲ್ಲ. ಅಮಿಲಾಯ್ಡ್ ಸಿದ್ಧಾಂತ 1990ರ ದಶಕದ ಆರಂಭದಿಂದಲೇ ಇದೆ. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ತರುವ ವಂಶವಾಹಿ ದೋಷಗಳು ಅದರ ಬಲವಾದ ಆಧಾರ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮೋದನೆ ಸಿಕ್ಕಿತು. ಪ್ರಯೋಜನ ಅಷ್ಟು ದೊಡ್ಡದಲ್ಲ, ಚರ್ಚೆಯೂ ಮುಗಿದಿಲ್ಲ, ಆದರೆ ಅದು ಬೇರೆಯೇ ಸಾಕ್ಷ್ಯದ ಮೇಲೆ ನಿಂತಿದೆ. ಕಳೆದುಹೋದದ್ದು ಆ ಒಂದು ಗುಂಪಿನ ಬೆನ್ನು ಹತ್ತಿದ ಪ್ರಯೋಗಾಲಯಗಳ ವರ್ಷಗಳು, ಹಣ ಮತ್ತು ಯುವ ಸಂಶೋಧಕರ ದುಡಿಮೆ. ಅದೇನು ಸಣ್ಣ ನಷ್ಟವಲ್ಲ.

ಅಂಕಿ ಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ

ಹಾಗಾದರೆ ಎಣಿಕೆಯನ್ನೇ ಬಿಟ್ಟುಬಿಡಬಾರದೇ? ಬಿಡಬಾರದು ಎನ್ನುವವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಪ್ರತಿಯೊಬ್ಬರ ಪ್ರಬಂಧಗಳನ್ನು ಕೂತು ಓದುವ ಸಮಯ ಸಮಿತಿಗೆ ಇರುವುದಿಲ್ಲ. ಅಂಕಿ ಇಲ್ಲದಿದ್ದರೆ ಆ ಜಾಗಕ್ಕೆ ಬರುವುದು ಶಿಫಾರಸು, ಪರಿಚಯ, ಕಲಿತ ಸಂಸ್ಥೆಯ ಹೆಸರು. ಪ್ರಭಾವವಿಲ್ಲದವರಿಗೆ 'ನನ್ನ ಕೆಲಸವನ್ನು ಇಷ್ಟು ಜನ ಬಳಸಿದ್ದಾರೆ' ಎಂದು ತೋರಿಸಲು ಇರುವ ಒಂದೇ ಸಾಕ್ಷ್ಯ ಇದು. 2021ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯ ನೇಮಕಾತಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಪರಿಗಣಿಸುವುದಿಲ್ಲ ಎಂದಾಗ, ಅದೇ ದೇಶದ 150ಕ್ಕೂ ಹೆಚ್ಚು ವಿದ್ವಾಂಸರು ಆತಂಕದ ಬಹಿರಂಗ ಪತ್ರ ಬರೆದರು. ಅಳೆಯಬಹುದಾದದ್ದನ್ನು ಬಿಟ್ಟರೆ ತೀರ್ಮಾನಗಳು ಮನಬಂದಂತೆ ಆಗುತ್ತವೆ ಎಂಬುದು ಅವರ ಭಯ.

ಆದರೆ ಅಂಕಿ ಪಕ್ಷಪಾತವಿಲ್ಲದ್ದು ಎಂಬ ಭಾಗವನ್ನು ನರವಿಜ್ಞಾನವೇ ಅಲುಗಾಡಿಸಿದೆ. ಈ ಕ್ಷೇತ್ರದ ಐದು ಪ್ರಮುಖ ಪತ್ರಿಕೆಗಳ ಉಲ್ಲೇಖ ಪಟ್ಟಿಗಳನ್ನು ಪರಿಶೀಲಿಸಿದ 2020ರ ಅಧ್ಯಯನವೊಂದು, ಮೊದಲ ಮತ್ತು ಕೊನೆಯ ಲೇಖಕರು ಪುರುಷರಾಗಿರುವ ಪ್ರಬಂಧಗಳಿಗೆ ನಿರೀಕ್ಷೆಗಿಂತ ಹೆಚ್ಚು ಉಲ್ಲೇಖ ಸಿಗುತ್ತದೆ, ಇದಕ್ಕೆ ಮುಖ್ಯ ಕಾರಣ ಪುರುಷ ಲೇಖಕರ ರೂಢಿ, ಮತ್ತು ಕ್ಷೇತ್ರದಲ್ಲಿ ಮಹಿಳೆಯರು ಹೆಚ್ಚಿದಂತೆ ಈ ಅಂತರವೂ ಹೆಚ್ಚುತ್ತಿದೆ ಎಂದು ಕಂಡುಕೊಂಡಿತು. ಯಾರನ್ನು ಉಲ್ಲೇಖಿಸಬೇಕು ಎಂದು ನಿರ್ಧರಿಸುವವರೂ ಮನುಷ್ಯರೇ. ಅವರ ಒಲವು ಎಣಿಕೆಯ ಒಳಗೆ ಸೇರಿಕೊಂಡು, ಹೊರಗೆ ಬರುವಾಗ ವಸ್ತುನಿಷ್ಠ ಸಂಖ್ಯೆಯಂತೆ ಕಾಣುತ್ತದೆ.

ಇನ್ನೊಂದು ಪಕ್ಷದ ದಾಖಲೆಗಳು ಹಲವಿವೆ. 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ, ಪತ್ರಿಕೆಯ ಅಂಕಿಯಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದಿತು. 2015ರ ಲೈಡನ್ ಪ್ರಣಾಳಿಕೆ, ಅಂಕಿ ತಜ್ಞರ ತೀರ್ಮಾನಕ್ಕೆ ಬೆಂಬಲವಾಗಿರಲಿ, ಅದರ ಜಾಗಕ್ಕೆ ಬರುವುದು ಬೇಡ ಎಂದಿತು. ನನ್ನ ಅಭಿಪ್ರಾಯದಲ್ಲಿ ಲೈಡನ್ ದಾರಿಯೇ ಸರಿ: ಎಣಿಕೆಯನ್ನು ನಿಷೇಧಿಸುವ ಅಗತ್ಯವಿಲ್ಲ, ಅದೊಂದರಿಂದಲೇ ತೀರ್ಪು ಕೊಡುವುದನ್ನು ನಿಲ್ಲಿಸಬೇಕು.

ಅಂಕಿಯೇ ಗುರಿಯಾದಾಗ

ಬಡ್ತಿ ಸೈಟೇಶನ್ ಮೇಲೆ ನಿಂತರೆ ಸೈಟೇಶನ್ ತರುವ ಪ್ರಬಂಧಗಳೇ ಹೆಚ್ಚುತ್ತವೆ. ನರವಿಜ್ಞಾನದಲ್ಲಿ ಇದರ ಪರಿಣಾಮ ಸಣ್ಣ ಪ್ರಮಾಣದ ಅಧ್ಯಯನಗಳಲ್ಲಿ ಕಾಣುತ್ತದೆ. ಈ ಕ್ಷೇತ್ರದ ಅಧ್ಯಯನಗಳ ಪತ್ತೆ ಸಾಮರ್ಥ್ಯದ ಮಧ್ಯಮ ಮಟ್ಟ ಸುಮಾರು ಶೇ 21 ಎಂದು 2013ರ ಒಂದು ವಿಶ್ಲೇಷಣೆ ಅಂದಾಜಿಸಿತು. ನಿಜವಾಗಿಯೂ ಇರುವ ಪರಿಣಾಮವನ್ನು ಕೂಡ ಐದರಲ್ಲಿ ನಾಲ್ಕು ಬಾರಿ ತಪ್ಪಿಸಿಕೊಳ್ಳುವಷ್ಟು ದುರ್ಬಲ ಎಂದರ್ಥ. ಅಷ್ಟು ಚಿಕ್ಕ ಮಾದರಿಯಲ್ಲಿ ಸಂಖ್ಯಾಶಾಸ್ತ್ರದ ಗೆರೆ ದಾಟಿ ಬರುವ ಫಲಿತಾಂಶ ಸಾಮಾನ್ಯವಾಗಿ ಉತ್ಪ್ರೇಕ್ಷಿತವಾಗಿರುತ್ತದೆ. ಉತ್ಪ್ರೇಕ್ಷಿತ ಫಲಿತಾಂಶ ಕುತೂಹಲ ಕೆರಳಿಸುತ್ತದೆ, ಕುತೂಹಲ ಸೈಟೇಶನ್ ತರುತ್ತದೆ. ಮನೋವಿಜ್ಞಾನ, ಅರ್ಥಶಾಸ್ತ್ರ ಮೊದಲಾದ ಕ್ಷೇತ್ರಗಳ ಪ್ರಬಂಧಗಳನ್ನು ನೋಡಿದ 2021ರ ಅಧ್ಯಯನದಲ್ಲಿ, ಮರುಪ್ರಯೋಗದಲ್ಲಿ ಸೋತ ಪ್ರಬಂಧಗಳಿಗೆ ಗೆದ್ದವುಗಳಿಗಿಂತ ಹೆಚ್ಚು ಸೈಟೇಶನ್ ಇತ್ತು. ಸೋತದ್ದು ಬಹಿರಂಗವಾದ ಮೇಲೆ ಬಂದ ಉಲ್ಲೇಖಗಳಲ್ಲಿ ಆ ಸೋಲನ್ನು ಹೇಳಿದ್ದು ಶೇ 12 ಮಾತ್ರ.

ಇದಕ್ಕಿಂತ ನೇರವಾದ ದಾರಿಗಳೂ ಹುಟ್ಟಿವೆ. 2010ರಲ್ಲಿ ಫ್ರಾನ್ಸ್‌ನ ಕಂಪ್ಯೂಟರ್ ವಿಜ್ಞಾನಿ ಸಿರಿಲ್ ಲಬ್ಬೆ, ಯಂತ್ರದಿಂದ ಬರೆಸಿದ ಅರ್ಥವಿಲ್ಲದ ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ಇಲ್ಲದ ಲೇಖಕನೊಬ್ಬನಿಗೆ ಗೂಗಲ್ ಸ್ಕಾಲರ್‌ನಲ್ಲಿ 94ರ ಎಚ್-ಇಂಡೆಕ್ಸ್ ಬರುವಂತೆ ಮಾಡಿ ತೋರಿಸಿದರು. 2024ರಲ್ಲಿ ಅಬುಧಾಬಿಯ ಸಂಶೋಧಕರು ಕಲ್ಪಿತ ವಿಜ್ಞಾನಿಯೊಬ್ಬನ ಹೆಸರಿಗೆ 300 ಡಾಲರ್ ಕೊಟ್ಟು 50 ಸೈಟೇಶನ್ ಖರೀದಿಸಿದರು. ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ ವಾರ್ಷಿಕ ಪಟ್ಟಿ ಹೊರಡಿಸುವ ಕ್ಲಾರಿವೇಟ್ ಕಂಪನಿ 2024ರಲ್ಲಿ 2,000ಕ್ಕೂ ಹೆಚ್ಚು ಹೆಸರುಗಳನ್ನು ಅನುಮಾನದ ಮೇಲೆ ಕೈಬಿಟ್ಟಿತು. ಅಂಕಿಯ ಬೆಲೆ ಏರಿದಷ್ಟೂ ಅದನ್ನು ಕೃತಕವಾಗಿ ತಯಾರಿಸುವವರ ಮಾರುಕಟ್ಟೆಯೂ ಬೆಳೆಯುತ್ತದೆ.

ಬದಲಾವಣೆ ಯಾರ ತಲೆಯ ಮೇಲೆ

ಕೆಲವು ಸಂಸ್ಥೆಗಳು ದಾರಿ ಬದಲಿಸುತ್ತಿವೆ. ಪ್ಯಾರಿಸ್‌ನ ಸೋರ್ಬಾನ್ ವಿಶ್ವವಿದ್ಯಾಲಯ 2024ರಿಂದ ವೆಬ್ ಆಫ್ ಸೈನ್ಸ್ ಚಂದಾ ನಿಲ್ಲಿಸಿ ಮುಕ್ತ ದತ್ತಾಂಶದತ್ತ ಹೊರಳಿತು. ಸಂಶೋಧನಾ ಮೌಲ್ಯಮಾಪನ ಸುಧಾರಣೆಯ 2022ರ ಯುರೋಪಿನ ಒಪ್ಪಂದಕ್ಕೆ ನೂರಾರು ಸಂಸ್ಥೆಗಳು ಸಹಿ ಹಾಕಿವೆ. ಅಂಕಿಗಳ ಬದಲು, ತಾನು ಏನು ಕಂಡುಕೊಂಡೆ, ಯಾವ ದತ್ತಾಂಶ ಹಂಚಿದೆ, ಯಾರಿಗೆ ಕಲಿಸಿದೆ ಎಂದು ಅಭ್ಯರ್ಥಿ ವಿವರಿಸುವ ಪರಿಚಯ ಪತ್ರವನ್ನು ಕೆಲವು ಅನುದಾನ ಸಂಸ್ಥೆಗಳು ಕೇಳುತ್ತಿವೆ. ಶೇ 2 ಪಟ್ಟಿಯಲ್ಲೂ ಈಗ ಹಿಂಪಡೆದ ಪ್ರಬಂಧಗಳ ಸಂಖ್ಯೆಗೆ ಒಂದು ಕಾಲಂ ಇದೆ.

ಆದರೆ ಬದಲಾವಣೆಯ ವೇಗ ಎಲ್ಲ ಕಡೆ ಒಂದೇ ಇಲ್ಲ, ಅದರ ಭಾರ ಬೀಳುವುದು ಕಿರಿಯರ ಮೇಲೆ. ನರವಿಜ್ಞಾನದ ಪ್ರಬಂಧಗಳು ಹೆಚ್ಚಾಗಿ ಬರುವ 'ಇ-ಲೈಫ್' ಪತ್ರಿಕೆಯ ಪ್ರಕರಣ ನೋಡಿ. ಪರಿಶೀಲನೆಗೆ ಕಳಿಸಿದ ಪ್ರಬಂಧಗಳನ್ನೆಲ್ಲ, ಪರಿಶೀಲಕರ ಟಿಪ್ಪಣಿಗಳ ಸಮೇತ ಪ್ರಕಟಿಸುತ್ತೇವೆ, ಸ್ವೀಕಾರ-ತಿರಸ್ಕಾರದ ತೀರ್ಪು ಇರುವುದಿಲ್ಲ ಎಂದು ಅದು 2022ರಲ್ಲಿ ಘೋಷಿಸಿತು. ಒಂದು ಪ್ರಬಂಧದ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ತಜ್ಞರ ಮಾತಿನಲ್ಲೇ ಓದುಗ ನೋಡಬಹುದಾದ ಈ ಪದ್ಧತಿ, ಇಲ್ಲಿಯವರೆಗೆ ಹೇಳಿದ ಕೊರತೆಯನ್ನು ತುಂಬಲು ನಡೆದ ಒಳ್ಳೆಯ ಪ್ರಯತ್ನಗಳಲ್ಲಿ ಒಂದು. ತನ್ನ ಮಾನದಂಡಕ್ಕೆ ಇದು ಹೊಂದುವುದಿಲ್ಲ ಎಂದ ವೆಬ್ ಆಫ್ ಸೈನ್ಸ್ ಅದರ ಪ್ರಬಂಧಗಳಲ್ಲಿ ಒಂದು ಭಾಗವನ್ನಷ್ಟೇ ತನ್ನ ಸೂಚಿಗೆ ಸೇರಿಸತೊಡಗಿತು, ಪತ್ರಿಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಕಳೆದುಕೊಂಡಿತು. ಬಡ್ತಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಕಡ್ಡಾಯ ಎನ್ನುವ ಸಂಸ್ಥೆಯಲ್ಲಿರುವ ಯುವ ಸಂಶೋಧಕಿ, ತನ್ನ ಕೆಲಸವನ್ನು ಅತ್ಯಂತ ತೆರೆದ ಪರಿಶೀಲನೆಗೆ ಒಡ್ಡಬಯಸಿದರೂ, ಅಲ್ಲಿಗೆ ಪ್ರಬಂಧ ಕಳಿಸುವ ಮುನ್ನ ಈಗ ಎರಡು ಬಾರಿ ಯೋಚಿಸಬೇಕಾಗಿದೆ. ಅವಳ ಮುಂದಿನ ಅರ್ಜಿಯನ್ನು ಓದುವ ಸಮಿತಿ ಪ್ರಬಂಧವನ್ನು ತೆರೆದು ನೋಡುತ್ತದೆಯೋ ಪತ್ರಿಕೆಯ ಅಂಕಿಯನ್ನು ನೋಡುತ್ತದೆಯೋ ಎಂದು ಅವಳಿಗೆ ಮೊದಲೇ ತಿಳಿಯುವ ದಾರಿಯಿಲ್ಲ. ಸಮಿತಿಯ ಸದಸ್ಯರಿಗೆ ಓದಲು ಬೇಕಾದ ದಿನಗಳನ್ನು ಸಂಸ್ಥೆಗಳು ಕೆಲಸದ ಅವಧಿಯಲ್ಲೇ ಕೊಡುವವರೆಗೆ, ಎಷ್ಟೇ ಘೋಷಣೆಗಳಿಗೆ ಸಹಿ ಬಿದ್ದರೂ ಕೊನೆಗೆ ನೋಡುವುದು ಅಂಕಿಯನ್ನೇ.